ಕೆಲಸ ಬಿಟ್ಟವನ ಕೀಲಿಕೈ

ಮೊನ್ನೆ ಭಾನುವಾರ ಹಳೇ ಸ್ನೇಹಿತನೊಬ್ಬ ಸಿಕ್ಕಿದ್ದ. ಜಯನಗರದ ದರ್ಶಿನಿಯೊಂದರಲ್ಲಿ ನಿಂತ್ಕೊಂಡೇ ಇಡ್ಲಿ-ವಡೆ ತಿಂತಾ ಇದ್ವಿ. ಅವನ ಮೊಬೈಲ್ ಟುಣುಕ್ ಅಂತು. ನೋಡಿ ನಕ್ಕ. "ನೋಡೋ, ನನ್ನ ಹಳೇ ಕಂಪನಿಯವರು ಹುಬ್ಬಳ್ಳಿ ಡೀಲರಿಗೆ ಎಷ್ಟು ಡಿಸ್ಕೌಂಟ್ ಕೊಟ್ರು ಅಂತ ನಂಗೆ ಮೆಸೇಜ್ ಬಂದಿದೆ" ಅಂದ. ಅವನು ಆ ಕಂಪನಿ ಬಿಟ್ಟು ಐದು ತಿಂಗಳಾಗಿದೆ! ಈಗ ಸೇರಿರೋದು ಅದೇ ತರದ ಮಾಲು ಮಾರೋ ಇನ್ನೊಂದು ಕಂಪನಿಗೆ.

ಬಿಟ್ಟ ದಿನವೇ ಅವನ ಈಮೇಲ್ ನಿಲ್ಲಿಸಿದ್ರಂತೆ. ಲ್ಯಾಪ್‌ಟಾಪ್ ವಾಪಸ್ ತಗೊಂಡ್ರು, ಐಡಿ ಕಾರ್ಡ್ ತಗೊಂಡ್ರು, ಗೇಟಿನ ಸೆಕ್ಯುರಿಟಿಯವನು ಬ್ಯಾಗ್ ಕೂಡ ತೆಗೆದು ನೋಡಿದ್ನಂತೆ. ಆದ್ರೆ ಸೇಲ್ಸ್‌ನವರು ಬಳಸೋ ಆ ಹೊರಗಿನ ಸಾಫ್ಟ್‌ವೇರ್ ಇದೆಯಲ್ಲ, ಅದರ ಖಾತೆ ಮಾತ್ರ ಯಾರಿಗೂ ನೆನಪಾಗಿಲ್ಲ. ಸ್ನೇಹಿತ ಒಳ್ಳೆಯವನು, ನನ್ನೆದುರೇ ಆ ಆಪ್ ತೆಗೆದುಹಾಕಿದ. ಆದ್ರೆ ಎಲ್ಲರೂ ಹಾಗೇ ಮಾಡ್ತಾರೆ ಅಂತ ಏನು ಗ್ಯಾರಂಟಿ?

ನಾನೂ ನಕ್ಕೆ. ಆದ್ರೆ ಬಸ್ ಹತ್ತಿ ಮನೆಗೆ ಬರೋವಾಗ ನಗು ನಿಂತು ಹೋಯ್ತು. ಯಾಕಂದ್ರೆ ಇಂಥದ್ದನ್ನ ನೋಡ್ಕೊಳ್ಳೋದೇ ನನ್ನ ಹೊಟ್ಟೆಪಾಡಿನ ಕೆಲಸ. ಸುಮಾರು ಮುನ್ನೂರು ಜನ ಇರೋ ಕಂಪನಿಯಲ್ಲಿ ಸ್ಯಾಪ್ ಮತ್ತು ಅದರ ಸುತ್ತಮುತ್ತಲಿನದ್ದನ್ನ ನೋಡ್ಕೋತೀನಿ. ಸೋಮವಾರ ಬೆಳಗ್ಗೆ ಮೊದಲ ಕೆಲಸ, ನಾವು ಬಳಸೋ ಹೊರಗಿನ ಅಪ್ಲಿಕೇಶನ್‌ಗಳನ್ನ ಎಣಿಸೋದಕ್ಕೆ ಕೂತೆ. ಏಳು ಇರಬಹುದು ಅಂದ್ಕೊಂಡಿದ್ದೆ. ಹದಿನಾಲ್ಕು ಸಿಕ್ತು! ಪ್ರಯಾಣದ ಖರ್ಚು ಬರೆಯೋದಕ್ಕೆ ಒಂದು, ರಜೆಗೆ ಒಂದು, ಕೊರಿಯರಿಗೆ ಒಂದು, ಸಪ್ಲೈಯರ್‌ಗಳ ಜೊತೆ ಮಾತಾಡೋದಕ್ಕೆ ಒಂದು, ಮಾರ್ಕೆಟಿಂಗ್‌ನವರು ಯಾರನ್ನೂ ಕೇಳದೆ ಕ್ರೆಡಿಟ್ ಕಾರ್ಡಿನಲ್ಲಿ ಕೊಂಡ ಮೂರು... ಹೀಗೆ.

ಖರ್ಚಿನ ಆಪ್‌ನಲ್ಲಿ ಬಳಕೆದಾರರ ಪಟ್ಟಿ ತೆಗೆದೆ. ಕಂಪನಿ ಬಿಟ್ಟು ಹೋದ ಇಪ್ಪತ್ಮೂರು ಜನ ಅದರಲ್ಲಿ ಇನ್ನೂ ಇದ್ರು. ಅದರಲ್ಲಿ ಒಂದು ಹೆಸರು ನಮ್ಮ ಸ್ಟೋರ್ಸ್‌ನ ಹಿರಿಯರೊಬ್ಬರದ್ದು. ಅವರು ಕಂಪನಿ ಬಿಟ್ಟಿರಲಿಲ್ಲ, ತೀರಿಕೊಂಡು ಎರಡು ವರ್ಷವಾಗಿದೆ. ಹೆಸರಿನ ಮುಂದೆ ಹಸಿರು ಚುಕ್ಕೆ. ಪಕ್ಕದಲ್ಲಿ "ಆಕ್ಟಿವ್" ಅಂತ.

ಈ ಬರಹ ಸಿಂಗಲ್ ಸೈನ್-ಆನ್ ಬಗ್ಗೆ. ಇಷ್ಟು ಪೀಠಿಕೆ ಯಾಕೆ ಹಾಕಿದೆ ಅಂದ್ರೆ, ಆ ಹೆಸರು ಕೇಳಿದ ಕೂಡಲೇ ಎಲ್ಲರೂ ಹೇಳೋದು ಒಂದೇ ಮಾತು: "ಓಹ್, ಒಂದೇ ಪಾಸ್‌ವರ್ಡ್ ಹಾಕಿದ್ರೆ ಎಲ್ಲ ತೆರೆಯುತ್ತಲ್ಲ, ಅದಾ?" ಹೌದು, ಅದೇ. ಆದ್ರೆ ಅದರ ನಿಜವಾದ ಬೆಲೆ ಬಾಗಿಲು ತೆರೆಯೋವಾಗ ಗೊತ್ತಾಗಲ್ಲ. ಬಾಗಿಲು ಮುಚ್ಚೋವಾಗ ಗೊತ್ತಾಗುತ್ತೆ. ಅದು ಗೊತ್ತಿಲ್ಲದೇ ಇರೋದ್ರಿಂದಲೇ ಅದನ್ನ ಶೋಕಿ ವಸ್ತುವಿನ ತರ ಮಾರ್ತಾರೆ, ಶೋಕಿ ವಸ್ತುವಿನ ತರಾನೇ ನಮ್ಮ ಮಾಲೀಕರು ಬೇಡ ಅಂತಾರೆ. ನನ್ನ ತಕರಾರು ಇರೋದು ಇಲ್ಲೇ.

ಮೊದಲು ಇದು ಕೆಲಸ ಮಾಡೋದು ಹೇಗೆ ಅಂತ ಸ್ವಲ್ಪ ನೋಡೋಣ. ಗೊತ್ತಿರೋರು ಮುಂದಿನ ನಾಲ್ಕು ಪ್ಯಾರಾ ಹಾರಿಸಿ, ಬೇಜಾರಿಲ್ಲ.

ಹಿಂದೆ ಹಳ್ಳಿಯಿಂದ ಹುಡುಗ ಓದೋದಕ್ಕೆ ಊರಿಗೆ ಹೋಗೋವಾಗ ಶಾಲೆಯ ಹೆಡ್‌ಮಾಸ್ಟರ ಹತ್ರ ಒಂದು ಪರಿಚಯ ಪತ್ರ ಬರೆಸ್ಕೊಂಡು ಹೋಗ್ತಿದ್ದ. "ಈ ಹುಡುಗ ಇಂಥವರ ಮಗ, ನಮ್ಮ ಶಾಲೆಯಲ್ಲಿ ಓದಿದವನು, ನಿಮ್ಮ ಹಾಸ್ಟೆಲ್‌ನಲ್ಲಿ ಜಾಗ ಕೊಡಿ" ಅಂತ. ಕೆಳಗೆ ಸಹಿ, ಸೀಲು, ತಾರೀಕು. ಹಾಸ್ಟೆಲ್ ವಾರ್ಡನ್‌ಗೆ ಆ ಹುಡುಗ ಗೊತ್ತಿಲ್ಲ. ಆದ್ರೆ ಹೆಡ್‌ಮಾಸ್ಟರ ಸಹಿ ಗೊತ್ತು. ಸಹಿ ಸರಿ ಇದ್ರೆ ಒಳಗೆ ಬಿಡ್ತಿದ್ರು. ಇಬ್ಬರು ದೊಡ್ಡವರೂ ಆವತ್ತು ಮುಖಾಮುಖಿ ಮಾತೇ ಆಡಿಲ್ಲ ಅನ್ನೋದನ್ನ ಗಮನಿಸಿ. ಪತ್ರ ಹೊತ್ತು ತಂದಿದ್ದು ಹುಡುಗನೇ.

ಸಿಂಗಲ್ ಸೈನ್-ಆನ್ ಕೂಡ ಇಷ್ಟೇ. ನೀವು ಹೊರಗಿನ ಖರ್ಚಿನ ಆಪ್ ತೆರೀತೀರಿ. ಅದು ನಿಮ್ಮ ಪಾಸ್‌ವರ್ಡ್ ಕೇಳಲ್ಲ. "ನಿಮ್ಮ ಕಂಪನಿಯ ಹತ್ರ ಹೋಗಿ ಪತ್ರ ತನ್ನಿ" ಅಂತ ನಿಮ್ಮ ಬ್ರೌಸರನ್ನ ಕಂಪನಿಯ ಗುರುತು ಸರ್ವರಿಗೆ ಕಳಿಸುತ್ತೆ. ಅಲ್ಲಿ ನೀವು ಬೆಳಗ್ಗೆಯೇ ಲಾಗಿನ್ ಆಗಿದ್ರೆ ಅದು ಏನೂ ಕೇಳದೆ ಪತ್ರ ಬರ್ಕೊಡುತ್ತೆ. ಪತ್ರದಲ್ಲಿ ಬರೆದವರು ಯಾರು, ಯಾರ ಬಗ್ಗೆ, ಯಾವ ಆಪ್‌ಗೆ ಮಾತ್ರ ಇದು ಸಲ್ಲುತ್ತೆ, ಎಷ್ಟು ನಿಮಿಷ ಸಲ್ಲುತ್ತೆ, ಇಷ್ಟೂ ಇರುತ್ತೆ. ಕೊನೆಗೆ ಡಿಜಿಟಲ್ ಸಹಿ. ಬ್ರೌಸರ್ ಆ ಪತ್ರ ಹೊತ್ಕೊಂಡು ವಾಪಸ್ ಬರುತ್ತೆ. ಆಪ್ ತನ್ನ ಹತ್ರ ಮೊದಲೇ ಇಟ್ಕೊಂಡಿರೋ ಸರ್ಟಿಫಿಕೇಟ್ ಜೊತೆ ಸಹಿ ಹೋಲಿಸಿ ಒಳಗೆ ಬಿಡುತ್ತೆ. ಎಲ್ಲ ಮುಗಿಯೋದಕ್ಕೆ ಒಂದೆರಡು ಸೆಕೆಂಡು. ನಿಮಗೆ ಕಾಣೋದು ಪರದೆ ಎರಡು ಸಲ ಮಿನುಗಿದ್ದು ಮಾತ್ರ. ನಿಮ್ಮ ಪಾಸ್‌ವರ್ಡ್ ಆ ಹೊರಗಿನ ಕಂಪನಿಯ ಕಡೆಗೆ ಹೋಗೋದೇ ಇಲ್ಲ. (ನಮ್ಮ ಎನ್‌ಐಸಿಯವರು ಸರ್ಕಾರಿ ನೌಕರರಿಗೆ ಮಾಡಿರೋ ಇಂಥದ್ದೇ ವ್ಯವಸ್ಥೆಯ ಹೆಸರು "ಪರಿಚಯ್". ಯಾರು ಇಟ್ಟರೋ, ಸರಿಯಾದ ಹೆಸರೇ ಇಟ್ಟಿದ್ದಾರೆ.)

ಇದು ಹೊಸ ವಿಷಯ ಏನಲ್ಲ. 1980ರ ದಶಕದಲ್ಲೇ ಅಮೆರಿಕದ ಎಂಐಟಿಯಲ್ಲಿ ಅಥೀನಾ ಅನ್ನೋ ಯೋಜನೆಗಾಗಿ ಕರ್ಬೆರೋಸ್ ಅಂತ ಮಾಡಿದ್ರು. ಗ್ರೀಕರ ಪಾತಾಳದ ಬಾಗಿಲು ಕಾಯೋ ಮೂರು ತಲೆಯ ನಾಯಿಯ ಹೆಸರು ಅದು. ನಮ್ಮಲ್ಲೂ ಯಮನ ದಾರಿ ಕಾಯೋ ನಾಲ್ಕು ಕಣ್ಣಿನ ಎರಡು ನಾಯಿಗಳಿವೆ, ಆ ಹೆಸರು ಯಾರೂ ಸಾಫ್ಟ್‌ವೇರಿಗೆ ಇಟ್ಟ ಹಾಗೆ ಕಾಣಲ್ಲ! ಇರಲಿ. ವಿಂಡೋಸ್ 2000ದಿಂದ ಮೈಕ್ರೋಸಾಫ್ಟ್ ಇದನ್ನೇ ತನ್ನ ಆಫೀಸ್ ನೆಟ್‌ವರ್ಕಿಗೆ ತಗೊಂಡ್ತು. ಬೆಳಗ್ಗೆ ಕಂಪ್ಯೂಟರಿಗೆ ಲಾಗಿನ್ ಆದ್ರೆ ಪ್ರಿಂಟರು, ಫೈಲ್ ಸರ್ವರು ಮತ್ತೆ ಪಾಸ್‌ವರ್ಡ್ ಕೇಳದೇ ಇರೋದು ಅದರಿಂದಲೇ. ಸ್ಯಾಪ್‌ನವರು ತಮ್ಮದೇ ಲಾಗಾನ್ ಟಿಕೆಟ್ ಮಾಡ್ಕೊಂಡ್ರು. ಪೋರ್ಟಲ್‌ಗೆ ಒಂದು ಸಲ ಲಾಗಿನ್ ಆದ್ರೆ ಬ್ರೌಸರಿನಲ್ಲಿ ಒಂದು ಕುಕೀ ಕೂರುತ್ತೆ, ಉಳಿದ ಸ್ಯಾಪ್ ಸಿಸ್ಟಂಗಳು ಅದನ್ನ ನಂಬ್ತವೆ. ಸ್ಯಾಪ್ ಬೇಸಿಸ್‌ನಲ್ಲಿ ಕೆಲಸ ಮಾಡಿದೋರಿಗೆ 'ಸ್ಟ್ರಸ್ಟ್' ಅಂದ ಕೂಡಲೇ ಒಂದು ನಿಟ್ಟುಸಿರು ಬರಬೇಕು :-)

ಆದ್ರೆ ಕುಕೀಗೆ ಒಂದು ಮಿತಿ ಇದೆ. ಅದು ತನ್ನ ಡೊಮೈನ್ ದಾಟಿ ಹೋಗಲ್ಲ. ಕಂಪನಿಯ ಗೋಡೆಯೊಳಗೆ ಚೆನ್ನಾಗಿ ನಡೆಯೋ ಟಿಕೆಟ್ಟು ಹೊರಗಿನ ಕಂಪನಿಯ ವೆಬ್‌ಸೈಟಿನಲ್ಲಿ ಕೆಲಸಕ್ಕೆ ಬರಲ್ಲ. ಅದಕ್ಕೇ ಎಲ್ಲರೂ ಒಪ್ಪೋ ಒಂದು ಪತ್ರದ ನಮೂನೆ ಬೇಕಾಯ್ತು. ಒಯಾಸಿಸ್ ಅನ್ನೋ ಸಂಸ್ಥೆ 2002ರಲ್ಲಿ ಸ್ಯಾಮಲ್ ಅನ್ನೋ ನಮೂನೆ ತಂತು, 2005ರಲ್ಲಿ ಅದರ ಎರಡನೇ ಆವೃತ್ತಿ ಬಂತು. ಅದೇ ಇವತ್ತಿಗೂ ನಡೀತಿದೆ. 2014ರಲ್ಲಿ ಓಪನ್‌ಐಡಿ ಕನೆಕ್ಟ್ ಬಂತು, "ಗೂಗಲ್ ಮೂಲಕ ಲಾಗಿನ್ ಆಗಿ" ಅನ್ನೋ ಬಟನ್ ಹಿಂದೆ ಇರೋದು ಅದು. ಎರಡೂ ಮುಕ್ತ ಮಾನಕಗಳು. ಯಾರಪ್ಪನ ಆಸ್ತಿಯೂ ಅಲ್ಲ. ಈ ಮಾತು ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಈಗ ಬಾಗಿಲು ಮುಚ್ಚೋ ವಿಷಯಕ್ಕೆ ಬರೋಣ.

ಎಲ್ಲ ಆಪ್‌ಗಳೂ ಹೆಡ್‌ಮಾಸ್ಟರ ಪತ್ರವನ್ನೇ ಕೇಳೋ ಹಾಗಿದ್ರೆ, ಒಬ್ಬ ಕೆಲಸ ಬಿಟ್ಟಾಗ ಮಾಡಬೇಕಾದ್ದು ಒಂದೇ ಕೆಲಸ: ಹೆಡ್‌ಮಾಸ್ಟರು ಇನ್ನು ಅವನಿಗೆ ಪತ್ರ ಬರೆದು ಕೊಡಬಾರದು. ಮುಗೀತು. ಮಾರ್ಕೆಟಿಂಗ್‌ನವರು ಎಲ್ಲೋ ಕೊಂಡಿದ್ದು, ಸ್ಟೋರ್ಸ್‌ನವರು ಬಳಸೋದು, ಯಾರೂ ನೆನಪಿಟ್ಟುಕೊಳ್ಳದೇ ಇರೋದು, ಎಲ್ಲದರಲ್ಲೂ ಹೊಸದಾಗಿ ಒಳಗೆ ಹೋಗೋ ದಾರಿ ಒಂದೇ ಸಲಕ್ಕೆ ಮುಚ್ಚುತ್ತೆ. ಹಾಗಿಲ್ಲದೇ ಒಂದೊಂದು ಆಪ್‌ಗೂ ಅದರದೇ ಪಾಸ್‌ವರ್ಡ್ ಇದ್ರೆ, ಹದಿನಾಲ್ಕು ಕಡೆ ಹದಿನಾಲ್ಕು ಜನ ನೆನಪಿಟ್ಕೊಂಡು ಮುಚ್ಚಬೇಕು. ಎಚ್‌ಆರ್‌ನವರು ಐಟಿಗೆ ಹೇಳಬೇಕು, ಐಟಿಯವರು ಆಯಾ ಡಿಪಾರ್ಟ್‌ಮೆಂಟಿಗೆ ಹೇಳಬೇಕು, ಆ ಡಿಪಾರ್ಟ್‌ಮೆಂಟಿನಲ್ಲಿ ಅಡ್ಮಿನ್ ಆಗಿದ್ದವನೇ ಕೆಲಸ ಬಿಟ್ಟಿದ್ರೆ? ನಮ್ಮಲ್ಲಿ ಒಂದು ಆಪ್‌ನ ಕಥೆ ಹಾಗೇ ಆಗಿತ್ತು. ಬೀಗದ ಗೊಂಚಲು ಇಟ್ಕೊಂಡಿದ್ದವನೇ ಊರು ಬಿಟ್ಟಿದ್ದ!

ಇದೇನು ಮಹಾ, ಯಾರೋ ಹಳಬ ಒಳಗೆ ಇಣುಕಿದ್ರೆ ಏನಾಗುತ್ತೆ ಅಂತೀರಾ? ಹಳಬನೇ ಬರಬೇಕು ಅಂತೇನಿಲ್ಲ. ಅವನ ಕೀಲಿಕೈ ಯಾರ ಕೈಗಾದ್ರೂ ಸಿಗಬಹುದು.

2021ರ ಮೇ ತಿಂಗಳಲ್ಲಿ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ನಿಂತುಹೋಗಿತ್ತು, ನೆನಪಿರಬಹುದು. ಆ ದೇಶದ ಪೂರ್ವ ಕರಾವಳಿಯ ಸುಮಾರು ಶೇ. 45ರಷ್ಟು ಇಂಧನ ಸಾಗಿಸೋ ಕೊಳವೆ ಅದು. ಪೆಟ್ರೋಲ್ ಬಂಕುಗಳ ಮುಂದೆ ಉದ್ದುದ್ದ ಸಾಲು. ಕಂಪನಿ ಸುಮಾರು 44 ಲಕ್ಷ ಡಾಲರ್ ಸುಲಿಗೆ ಹಣ ಕೊಡ್ತು. (ಆಮೇಲೆ ಅಲ್ಲಿನ ಸರ್ಕಾರ ಅದರಲ್ಲಿ ಒಂದು ಭಾಗ ವಾಪಸ್ ಹಿಡೀತು, ಅದು ಬೇರೆ ಕಥೆ.) ಕಳ್ಳರು ಒಳಗೆ ಬಂದಿದ್ದು ಹೇಗೆ? ಬಳಕೆಯಲ್ಲೇ ಇರಬಾರದಾಗಿದ್ದ ಒಂದು ಹಳೇ ವಿಪಿಎನ್ ಖಾತೆಯ ಮೂಲಕ. ಪಾಸ್‌ವರ್ಡ್ ಸಿಕ್ಕಿತ್ತು, ಎರಡನೇ ಹಂತದ ಪರೀಕ್ಷೆ ಇರಲಿಲ್ಲ. ಮುಖ್ಯಸ್ಥರು ಅಲ್ಲಿನ ಸೆನೆಟ್ ಮುಂದೆ ಕೂತು ಅದನ್ನ ಒಪ್ಕೊಂಡ್ರು. ಪಾಸ್‌ವರ್ಡ್ ಏನೂ ಸುಲಭದ್ದಾಗಿರಲಿಲ್ಲ, ಕಷ್ಟದ್ದೇ ಆಗಿತ್ತು ಅಂದ್ರು. ಏನು ಪ್ರಯೋಜನ? ಖಾತೆಯನ್ನ ಮುಚ್ಚಿಯೇ ಇರಲಿಲ್ಲವಲ್ಲ.

2024ರಲ್ಲಿ ಸ್ನೋಫ್ಲೇಕ್ ಗಲಾಟೆ ಆಯ್ತು. ಕಂಪನಿಗಳು ತಮ್ಮ ದತ್ತಾಂಶ ಇಡೋ ಹೊರಗಿನ ಸೇವೆ ಅದು. ಟಿಕೆಟ್‌ಮಾಸ್ಟರ್, ಎಟಿ ಅಂಡ್ ಟಿ ತರದ ದೊಡ್ಡ ದೊಡ್ಡ ಕಂಪನಿಗಳ ಮಾಹಿತಿ ಸೋರಿಹೋಯ್ತು. ತನಿಖೆ ಮಾಡಿದ ಮ್ಯಾಂಡಿಯಂಟ್‌ನವರು ಸುಮಾರು 165 ಸಂಸ್ಥೆಗಳಿಗೆ ಎಚ್ಚರಿಕೆ ಕೊಡಬೇಕಾಯ್ತು. ಸ್ನೋಫ್ಲೇಕ್‌ನ ಸ್ವಂತ ಗೋಡೆಯನ್ನ ಯಾರೂ ಒಡೆದಿರಲಿಲ್ಲ. ಗಿರಾಕಿಗಳ ಖಾತೆಗಳ ಬಿಡಿ ಪಾಸ್‌ವರ್ಡುಗಳು ಎಂದೋ ಕಳುವಾಗಿದ್ವು, ಕೆಲವಂತೂ 2020ರಲ್ಲೇ. ಅಷ್ಟು ವರ್ಷ ಯಾರೂ ಅವನ್ನ ಬದಲಾಯಿಸಿರಲಿಲ್ಲ, ಎರಡನೇ ಪರೀಕ್ಷೆಯೂ ಇರಲಿಲ್ಲ. ಆ ಪಾಸ್‌ವರ್ಡುಗಳ ಜಾಗದಲ್ಲಿ ಕಂಪನಿಯ ಪತ್ರ, ಕಂಪನಿಯ ಕಡೆಯಿಂದ ಎರಡನೇ ಪರೀಕ್ಷೆ ಇದ್ದಿದ್ರೆ ಆ ಕಳ್ಳ ಮಾಲು ರದ್ದಿಗೆ ಸಮ.

ಇಷ್ಟೆಲ್ಲ ಪುರಾಣ ಹೇಳಿ ನಮ್ಮ ಬಾಸ್ ಹತ್ರ ಹೋದೆ. ಖರ್ಚಿನ ಆಪ್‌ನವರಿಗೆ ಫೋನ್ ಹಚ್ಚಿದ್ವಿ. "ಓ, ಸಿಂಗಲ್ ಸೈನ್-ಆನ್ ಇದೆ ಸಾರ್, ಆದ್ರೆ ಅದು ಎಂಟರ್‌ಪ್ರೈಸ್ ಪ್ಲ್ಯಾನಿನಲ್ಲಿ" ಅಂದ್ರು. ರೇಟ್ ಕಳಿಸಿದ್ರು. ಒಬ್ಬೊಬ್ಬರಿಗೆ ಈಗ ಕೊಡ್ತಿರೋದರ ಎರಡರಷ್ಟಕ್ಕಿಂತ ಜಾಸ್ತಿ! ಆ ಪ್ಲ್ಯಾನಿನಲ್ಲಿ ಇನ್ನೂ ಹತ್ತು ಸೌಲಭ್ಯ ಇದೆಯಂತೆ. ಮೂವತ್ತು ದೇಶದ ಕರೆನ್ಸಿ, ಖಾಸಗಿ ಸಲಹೆಗಾರ, ಅದೂ ಇದೂ. ನಮಗೆ ಅದೊಂದೂ ಬೇಡ. ನಮ್ಮವರು ಹೋಗೋದು ತುಮಕೂರು, ಹೊಸೂರು, ಬೆಳಗಾವಿಗೆ. ಬೀಗ ಒಂದೇ ಕೊಡಿ ಅಂದ್ರೆ ಬಿಡಿಯಾಗಿ ಮಾರಲ್ಲ ಅಂದ್ರು.

ಬಾಸ್ ಪೇಪರ್ ನೋಡಿ ಒಂದೇ ಪ್ರಶ್ನೆ ಕೇಳಿದ್ರು. "ಪಾಸ್‌ವರ್ಡ್ ನೆನಪಿಟ್ಕೊಳ್ಳೋದಕ್ಕೆ ಇಷ್ಟು ದುಡ್ಡಾ?"

ಅವರನ್ನ ಬೈಯೋದಕ್ಕೆ ನನಗೆ ಮನಸ್ಸು ಬರಲಿಲ್ಲ. ಮಾರೋರೇ ಅದನ್ನ ಹಾಗೆ ಮಾರ್ತಾರೆ. ಜಾಹೀರಾತಿನಲ್ಲಿ ಒಂದೇ ಕ್ಲಿಕ್ಕು, ಸುಲಭ, ಹಿತ ಅಂತ ಇರುತ್ತೆ. ಸುಖಕ್ಕೆ ದುಡ್ಡು ಕೊಡಬೇಕು ಅಂದ್ರೆ ಸಣ್ಣ ಕಂಪನಿಯವನು "ನಮ್ಮ ಹುಡುಗರು ಪಾಸ್‌ವರ್ಡ್ ಬರ್ಕೊಂಡು ಇಟ್ಕೋತಾರೆ ಬಿಡಿ" ಅಂತಾನೆ. ಸತ್ತವರ ಹೆಸರಿನಲ್ಲಿ ಬಾಗಿಲು ತೆರೆದೇ ಇರುತ್ತೆ.

ಇದಕ್ಕೆ ಹೊರದೇಶದಲ್ಲಿ "ಎಸ್‌ಎಸ್‌ಒ ಟ್ಯಾಕ್ಸ್" ಅಂತಾನೇ ಹೆಸರಿದೆ. ಯಾವ ಯಾವ ಕಂಪನಿ ಈ ಒಂದು ಸೌಲಭ್ಯಕ್ಕೆ ಎಷ್ಟು ಪಟ್ಟು ಬೆಲೆ ಏರಿಸುತ್ತೆ ಅಂತ ಪಟ್ಟಿ ಹಾಕೋ "ವಾಲ್ ಆಫ್ ಶೇಮ್" ಕೂಡ ಇದೆ. ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸೀಸಾ 2023ರಲ್ಲಿ ಸಾಫ್ಟ್‌ವೇರ್ ತಯಾರಕರಿಗೆ ಕೊಟ್ಟ ಮಾರ್ಗದರ್ಶನದಲ್ಲಿ, ಇದನ್ನ ಹೆಚ್ಚುವರಿ ದುಡ್ಡಿಲ್ಲದೆ ಎಲ್ಲರಿಗೂ ಕೊಡಬೇಕು ಅಂತ ಹೇಳ್ತು. 2024ರಲ್ಲಿ, ಸಣ್ಣ ಮತ್ತು ಮಧ್ಯಮ ಕಂಪನಿಗಳು ಯಾಕೆ ಇದನ್ನ ಹಾಕ್ಕೊಳ್ತಿಲ್ಲ ಅಂತಲೇ ಬೇರೆ ವರದಿ ತಂತು. ಅಂದ್ರೆ ಇದು ನನ್ನೊಬ್ಬನ ಗೊಣಗಾಟ ಅಲ್ಲ.

ನಾನು ಬಾಸ್‌ಗೆ ಹೇಳಿದ ಹೋಲಿಕೆ ಇದು. ಕೆಎಸ್‌ಆರ್‌ಟಿಸಿಯಲ್ಲಿ ಕೆಂಪು ಬಸ್ಸೂ ಇದೆ, ಐರಾವತವೂ ಇದೆ. ಐರಾವತದಲ್ಲಿ ಎಸಿ, ಮೆತ್ತನೆ ಸೀಟು, ಹಿಂದಕ್ಕೆ ಬಾಗುತ್ತೆ. ಅದಕ್ಕೆ ಜಾಸ್ತಿ ದುಡ್ಡು ತಗೊಳ್ಳಲಿ, ನ್ಯಾಯವೇ. ಆದ್ರೆ "ತುರ್ತು ಬಾಗಿಲು ಐರಾವತಕ್ಕೆ ಮಾತ್ರ, ಕೆಂಪು ಬಸ್ಸಿನವರು ಕಿಟಕಿಯಿಂದ ಹಾರಿ" ಅಂದ್ರೆ ಒಪ್ತೀವಾ? ಬೀಗ ಅನ್ನೋದು ಮೆತ್ತನೆ ಸೀಟಲ್ಲ.

ಮಾರೋರ ವಾದವೂ ಇದೆ, ಅದನ್ನೂ ನ್ಯಾಯವಾಗಿ ಹೇಳಬೇಕು. ಸ್ಯಾಮಲ್ ಜೋಡಿಸೋದು ತಲೆನೋವಿನ ಕೆಲಸ ಅನ್ನೋದು ನಿಜ. ನಾನೇ ಜೋಡಿಸಿ ಬೆವರು ಸುರಿಸಿದೀನಿ. ಕಂಪನಿ ಕಡೆಯಿಂದ ಈಮೇಲ್ ವಿಳಾಸ ದೊಡ್ಡ ಅಕ್ಷರದಲ್ಲಿ ಹೋಗುತ್ತೆ, ಆಪ್‌ನಲ್ಲಿ ಸಣ್ಣ ಅಕ್ಷರದಲ್ಲಿರುತ್ತೆ, "ಈ ಬಳಕೆದಾರ ಇಲ್ಲ" ಅನ್ನುತ್ತೆ. ಸರ್ವರ್ ಗಡಿಯಾರ ಐದಾರು ನಿಮಿಷ ಹಿಂದೆ ಇದ್ರೆ "ಈ ಪತ್ರದ ಅವಧಿ ಇನ್ನೂ ಶುರುವಾಗಿಲ್ಲ" ಅನ್ನುತ್ತೆ. ಸಹಿಯ ಸರ್ಟಿಫಿಕೇಟ್ ಮೂರು ವರ್ಷಕ್ಕೆ ಮುಗಿಯುತ್ತೆ, ಆ ದಿನ ಬೆಳಗ್ಗೆ ಇಡೀ ಆಫೀಸು ಹೊರಗೆ. ಇದಕ್ಕೆಲ್ಲ ಸಪೋರ್ಟ್ ಕೊಡೋದಕ್ಕೆ ಮಾರೋರಿಗೆ ಜನ ಬೇಕು, ಸಂಬಳ ಕೊಡಬೇಕು. ಒಪ್ಪಿದೆ. ಹಾಗಾದ್ರೆ ಜೋಡಿಸಿ ಕೊಡೋದಕ್ಕೆ ಒಂದು ಸಲ ದುಡ್ಡು ತಗೊಳ್ಳಿ. ಸಪೋರ್ಟಿಗೆ ಬಿಲ್ ಹಾಕಿ. ಆದ್ರೆ ಪ್ರತಿ ತಿಂಗಳು, ಪ್ರತಿ ತಲೆಗೆ, ಎರಡು ಪಟ್ಟು? ಅದೂ ಯಾರ ಆಸ್ತಿಯೂ ಅಲ್ಲದ, ಎರಡು ದಶಕ ಹಳೆಯ ಮುಕ್ತ ಮಾನಕಕ್ಕೆ? ಅದು ಖರ್ಚಿನ ಲೆಕ್ಕ ಅಲ್ಲ. "ಸೆಕ್ಯುರಿಟಿ ಬೇಕು ಅನ್ನೋವಷ್ಟು ದೊಡ್ಡ ಕಂಪನಿ ಅಂದ್ರೆ ಜೇಬೂ ದೊಡ್ಡದಿರುತ್ತೆ" ಅನ್ನೋ ಲೆಕ್ಕ. ಆ ಲೆಕ್ಕದಲ್ಲಿ ಸಿಕ್ಕಿ ಸಾಯೋದು ನಮ್ಮಂಥ ನಡುವಿನವರು.

ಇನ್ನೊಂದು ಆಕ್ಷೇಪ ತಿಳಿದೋರ ಕಡೆಯಿಂದ ಬರುತ್ತೆ. "ಎಲ್ಲ ಮೊಟ್ಟೆ ಒಂದೇ ಬುಟ್ಟಿಯಲ್ಲಿ ಇಡ್ತೀಯಲ್ಲಪ್ಪ, ಹೆಡ್‌ಮಾಸ್ಟರ ಸೀಲನ್ನೇ ಕದ್ರೆ?" ಇದು ತಮಾಷೆ ಮಾತಲ್ಲ. ಹಾಗೆ ಸಹಿ ಮಾಡೋ ಕೀಲಿಯನ್ನೇ ಕದ್ದು ಬೇಕಾದವರ ಹೆಸರಲ್ಲಿ ಪತ್ರ ಬರ್ಕೊಳ್ಳೋ ದಾರಿಯನ್ನ ಸೈಬರ್‌ಆರ್ಕ್ ಸಂಶೋಧಕರು 2017ರಲ್ಲೇ ತೋರಿಸಿ, "ಗೋಲ್ಡನ್ ಸ್ಯಾಮಲ್" ಅಂತ ಹೆಸರಿಟ್ಟಿದ್ರು. 2020ರ ಡಿಸೆಂಬರಿನಲ್ಲಿ ಸೋಲಾರ್‌ವಿಂಡ್ಸ್ ಪ್ರಕರಣ ಹೊರಬಿದ್ದಾಗ ಕೆಲವು ಕಡೆ ದಾಳಿಕೋರರು ನಿಜವಾಗಲೂ ಸುಳ್ಳು ಪತ್ರ ಬರ್ಕೊಂಡೇ ಓಡಾಡಿದ್ದು ಗೊತ್ತಾಯ್ತು. 2023ರಲ್ಲಿ, ಈ ಸೇವೆಯನ್ನೇ ಮಾರೋ ಓಕ್ಟಾ ಕಂಪನಿಯ ಸಪೋರ್ಟ್ ವಿಭಾಗಕ್ಕೇ ಕಳ್ಳರು ನುಗ್ಗಿದ್ರು. ಗಿರಾಕಿಗಳು ತೊಂದರೆ ತೋರಿಸೋದಕ್ಕೆ ಕಳಿಸಿದ್ದ ಫೈಲುಗಳಲ್ಲೇ ಲಾಗಿನ್ ಟೋಕನ್‌ಗಳಿದ್ವು.

ಹಾಗಾದ್ರೆ ಬೇಡವಾ? ನನ್ನ ಲೆಕ್ಕದಲ್ಲಿ ಈಗಲೂ ಬೇಕು. ಮನೆಗೆ ಹದಿನಾಲ್ಕು ಬಾಗಿಲು, ಒಂದಕ್ಕೂ ಕಾವಲಿಲ್ಲ ಅನ್ನೋದಕ್ಕಿಂತ ಒಂದೇ ಬಾಗಿಲು, ಅದಕ್ಕೆ ಗಟ್ಟಿ ಕಾವಲು ಅನ್ನೋದು ಮೇಲು. ಆದ್ರೆ ಕಾವಲು ಗಟ್ಟಿ ಇರಲೇಬೇಕು. ಆ ಒಂದು ಬಾಗಿಲಿಗೆ ಎರಡನೇ ಹಂತದ ಪರೀಕ್ಷೆ ಇಲ್ಲದೆ ಸಿಂಗಲ್ ಸೈನ್-ಆನ್ ಹಾಕಿದ್ರೆ, ಕಳ್ಳನಿಗೂ ಸಿಂಗಲ್ ಸೈನ್-ಆನ್ ಮಾಡಿ ಕೊಟ್ಟ ಹಾಗೇ. ಜೊತೆಗೆ ಗುರುತು ಸರ್ವರ್ ಕೈಕೊಟ್ಟ ದಿನಕ್ಕೆ ಅಂತ ಒಂದು ತುರ್ತು ಖಾತೆ ಬೇರೆ ಇಟ್ಟು, ಅದರ ಪಾಸ್‌ವರ್ಡ್ ಲಕೋಟೆಯಲ್ಲಿ ಅಂಟಿಸಿ ತಿಜೋರಿಯಲ್ಲಿ ಇಡಬೇಕು. ಆ ಲಕೋಟೆ ಎಲ್ಲಿದೆ ಅನ್ನೋದು ಇಬ್ಬರಿಗಾದ್ರೂ ಗೊತ್ತಿರಬೇಕು!

ಮತ್ತೆ, ಇದು ಹಾಕಿದ್ರೆ ಎಲ್ಲ ಮುಗೀತು ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಪತ್ರ ನಿಲ್ಲಿಸಿದ್ರೆ ಹೊಸದಾಗಿ ಒಳಗೆ ಬರೋದು ನಿಲ್ಲುತ್ತೆ, ಸರಿ. ಆದ್ರೆ ನಿನ್ನೆಯೇ ಒಳಗೆ ಬಂದು ಕೂತಿರೋನು? ಕೆಲವು ಮೊಬೈಲ್ ಆಪ್‌ಗಳು ಒಂದು ಸಲ ಲಾಗಿನ್ ಆದ್ರೆ ತಿಂಗಳುಗಟ್ಟಲೆ ಮತ್ತೆ ಕೇಳೋದೇ ಇಲ್ಲ. ನನ್ನ ಸ್ನೇಹಿತನಿಗೆ ಮೆಸೇಜ್ ಬರ್ತಿದ್ದುದು ಹಾಗೇ ಇರಬಹುದು. ಅದಕ್ಕೆ ಖಾತೆಯನ್ನೇ ಆ ಕಡೆ ಮುಚ್ಚಿಸಬೇಕು. ಅದನ್ನ ತಾನಾಗೇ ಮಾಡೋದಕ್ಕೆ ಸ್ಕಿಮ್ ಅಂತ ಇನ್ನೊಂದು ಮಾನಕ 2015ರಿಂದ ಇದೆ. ಕಂಪನಿಯ ಪಟ್ಟಿಯಲ್ಲಿ ಹೆಸರು ತೆಗೆದ್ರೆ ಹೊರಗಿನ ಆಪ್‌ಗೂ ಸುದ್ದಿ ಹೋಗಿ ಅಲ್ಲೂ ಖಾತೆ ಮುಚ್ಚುತ್ತೆ. (ಅದನ್ನೂ ಎಂಟರ್‌ಪ್ರೈಸ್ ಪ್ಲ್ಯಾನಿನಲ್ಲೇ ಇಟ್ಟಿರ್ತಾರೆ, ಕೇಳಬೇಡಿ.)

ಇನ್ನು ಮನುಷ್ಯರಲ್ಲದವರ ಕೀಲಿಗಳು. ಒಂದು ಸಾಫ್ಟ್‌ವೇರ್ ಇನ್ನೊಂದರ ಜೊತೆ ರಾತ್ರಿ ಹೊತ್ತು ತಾನೇ ಮಾತಾಡ್ಕೊಳ್ಳೋದಕ್ಕೆ ನಾವು ಟೋಕನ್ ಕೊಟ್ಟಿರ್ತೀವಿ. ಅದಕ್ಕೆ ಪತ್ರ ಬೇಡ, ಎರಡನೇ ಪರೀಕ್ಷೆ ಬೇಡ. 2025ರ ಆಗಸ್ಟಿನಲ್ಲಿ ಸೇಲ್ಸ್‌ಲಾಫ್ಟ್ ಡ್ರಿಫ್ಟ್ ಅನ್ನೋ ಚಾಟ್ ಸೇವೆಯಿಂದ ಇಂಥ ಟೋಕನ್‌ಗಳು ಕಳುವಾದ್ವು. ಆ ಟೋಕನ್ ಹಿಡ್ಕೊಂಡು ಕಳ್ಳರು ನೂರಾರು ಕಂಪನಿಗಳ ಸೇಲ್ಸ್‌ಫೋರ್ಸ್ ದತ್ತಾಂಶ ತೋಡಿಕೊಂಡ್ರು. ಜೋಡಣೆ ಮಾಡೋವಾಗ ಇರೋ ಉತ್ಸಾಹ ಜೋಡಣೆ ಕಳಚೋವಾಗ ನಮಗ್ಯಾರಿಗೂ ಇರಲ್ಲ. ಮನುಷ್ಯ ಸ್ವಭಾವ.

ಸರಿ, ಕೊರೆತ ಜಾಸ್ತಿ ಆಯ್ತು. ಕೆಲಸಕ್ಕೆ ಬರೋ ಎರಡು ಮಾತು ಹೇಳಿ ಮುಗಿಸ್ತೀನಿ. ಸಣ್ಣ ಕಂಪನಿ ನಡೆಸೋರು, ಇಲ್ಲಾ ನನ್ನ ಹಾಗೆ ಅಲ್ಲಿ ಐಟಿ ನೋಡ್ಕೊಳ್ಳೋರು ಯಾರಾದ್ರೂ ಓದ್ತಿದ್ರೆ, ಹೊಸ ಸಾಫ್ಟ್‌ವೇರ್ ಕೊಳ್ಳೋ ಮುಂಚೆ ಈ ನಾಲ್ಕು ಪ್ರಶ್ನೆ ಕೇಳಿ. ಸಿಂಗಲ್ ಸೈನ್-ಆನ್ ನಾವು ಕೊಳ್ತಿರೋ ಪ್ಲ್ಯಾನಿನಲ್ಲೇ ಇದೆಯಾ? ಅದನ್ನ ಹಾಕಿದ ಮೇಲೆ ಹಳೇ ಪಾಸ್‌ವರ್ಡ್ ದಾರಿಯನ್ನ ಪೂರ್ತಿ ಮುಚ್ಚಬಹುದಾ? (ಬಹಳ ಜನ ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ತೆರೆದಿಡ್ತಾರೆ.) ಒಬ್ಬ ಬಿಟ್ಟಾಗ ಅವನ ಮೊಬೈಲಿನಲ್ಲಿರೋ ಸೆಷನ್ ಎಷ್ಟು ಹೊತ್ತಿಗೆ ಸಾಯುತ್ತೆ? ಅವನು ಮಾಡಿಟ್ಟ ಟೋಕನ್‌ಗಳ ಪಟ್ಟಿ ಎಲ್ಲಿ ಸಿಗುತ್ತೆ? ಕೊಂಡ ಮೇಲೆ ಕೇಳಿದ್ರೆ ಎರಡು ಪಟ್ಟು ರೇಟ್ ಬರುತ್ತೆ. ಸಹಿ ಹಾಕೋ ಮುಂಚೆ ಕೇಳಿದ್ರೆ ಚೌಕಾಸಿ ಮಾಡಬಹುದು. ನಾವು ಕನ್ನಡದವರು ತರಕಾರಿಗೆ ಮಾಡೋ ಚೌಕಾಸಿಯಲ್ಲಿ ಕಾಲು ಭಾಗವನ್ನೂ ಸಾಫ್ಟ್‌ವೇರಿಗೆ ಮಾಡಲ್ಲ.

ದುಡ್ಡಿಲ್ಲದ ದಾರಿಯೂ ಇದೆ. ಗೂಗಲ್ ಅಥವಾ ಮೈಕ್ರೋಸಾಫ್ಟ್ ಈಮೇಲ್ ಬಳಸೋ ಕಂಪನಿ ಆದ್ರೆ ಎಷ್ಟೋ ಆಪ್‌ಗಳಲ್ಲಿ ಆ ಲಾಗಿನ್ ಬಟನ್ ಸಾದಾ ಪ್ಲ್ಯಾನಿನಲ್ಲೇ ಇರುತ್ತೆ. ಎಲ್ಲರಿಗೂ ಅದನ್ನೇ ಬಳಸಿ ಅಂತ ನಿಯಮ ಮಾಡಿ. ಗುರುತು ಸರ್ವರನ್ನೇ ಸ್ವಂತ ನಡೆಸೋ ಧೈರ್ಯ ಇದ್ರೆ ಕೀಕ್ಲೋಕ್ ಅಂತ ಮುಕ್ತ ತಂತ್ರಾಂಶ ಇದೆ, ಚೆನ್ನಾಗಿದೆ. ಆದ್ರೆ ಅದನ್ನ ನೋಡ್ಕೊಳ್ಳೋ ಜನ ಇಲ್ಲದಿದ್ರೆ ಕೈ ಹಾಕಬೇಡಿ. ಹಾಕಿ ಮರೆತ ಸೀಲು ಕದ್ದ ಸೀಲಿನಷ್ಟೇ ಅಪಾಯ.

ನಮ್ಮಲ್ಲಿ ಕೊನೆಗೆ ಏನಾಯ್ತು ಅಂದ್ರೆ, ಹದಿನಾಲ್ಕರಲ್ಲಿ ಐದು ಆಪ್ ಹೀಗೆ ಪುಕ್ಕಟೆ ಬಟನ್ ಮೂಲಕ ಜೋಡಿಸಿದ್ವಿ. ಮೂರನ್ನ ಯಾರೂ ಬಳಸ್ತಾನೇ ಇರಲಿಲ್ಲ, ನಿಲ್ಲಿಸಿದ್ವಿ. ಅದರ ದುಡ್ಡು ಉಳೀತು, ಬಾಸ್‌ಗೆ ಖುಷಿ. ಉಳಿದ ಆರಕ್ಕೆ ಒಂದು ಹಾಳೆ ಮಾಡಿ, ಪ್ರತಿ ಶುಕ್ರವಾರ ಸಂಜೆ ಎಚ್‌ಆರ್ ಪಟ್ಟಿ ಜೊತೆ ಕೈಯಲ್ಲೇ ತಾಳೆ ನೋಡ್ತೀನಿ. 2005ರಲ್ಲೇ ಉತ್ತರ ಸಿಕ್ಕಿರೋ ಪ್ರಶ್ನೆಗೆ ಪೆನ್ಸಿಲ್ ಹಿಡ್ಕೊಂಡು ಕೂರೋದು ಸ್ವಲ್ಪ ನಗು ಬರೋ ವಿಷಯವೇ. ಖರ್ಚಿನ ಆಪ್ ಆ ಆರರಲ್ಲಿ ಒಂದು.

ಆ ಹಿರಿಯರ ಖಾತೆಯನ್ನ ನಾನೇ ಮುಚ್ಚಿದೆ. ಮುಚ್ಚೋವಾಗ ಆಪ್ "ಕಾರಣ?" ಅಂತ ಕೇಳ್ತು. ರಾಜೀನಾಮೆ, ವರ್ಗಾವಣೆ, ಇತರೆ ಅಂತ ಮೂರು ಆಯ್ಕೆ ಇತ್ತು. "ಇತರೆ" ಒತ್ತಿದೆ. ಎರಡು ವರ್ಷದ ಹಿಂದೆಯೇ, ಅವರ ಹೆಸರು ಕಂಪನಿ ಪಟ್ಟಿಯಿಂದ ತೆಗೆದ ದಿನವೇ, ತಾನಾಗೇ ಆಗಬೇಕಾಗಿದ್ದ ಕೆಲಸ ಅದು.

ನಿಮ್ಮ ಆಫೀಸಿನ ಪಟ್ಟಿಯನ್ನೂ ನಾಳೆ ಒಂದು ಸಲ ತೆಗೆದು ನೋಡಿ.